ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಗೋರೆಗಾಂವಿನ ನೆಸ್ಕೋ ಎಂದರೆ ಈಗಿನ ಮುಂಬೈ ಹುಡುಗರಿಗೆ ನವರಾತ್ರಿಯ ದಾಂಡಿಯಾ, ದೊಡ್ಡ ದೊಡ್ಡ ಎಕ್ಸಿಬಿಷನ್ನು, ಸಂಗೀತ ಕಾರ್ಯಕ್ರಮದ ಟಿಕೆಟ್ಟು. ಕೋವಿಡ್ ಕಾಲ ಕಂಡವರಿಗೆ ಅಲ್ಲಿನ ಜಂಬೋ ಆಸ್ಪತ್ರೆಯ ಸಾಲು ಮಂಚಗಳು. ನನ್ನ ವಯಸ್ಸಿನ ಕೆಲವರಿಗೆ ಮಾತ್ರ ಆ ಹೆಸರು ಕೇಳಿದ ಕೂಡಲೇ 2004ರ ಜನವರಿಯ ಧೂಳು ನೆನಪಾಗುತ್ತದೆ. ಆ ತಿಂಗಳ 16ರಿಂದ 21ರವರೆಗೆ ಅಲ್ಲಿ ವರ್ಲ್ಡ್ ಸೋಷಿಯಲ್ ಫೋರಮ್ ನಡೆದಿತ್ತು. ವಿಶ್ವ ಸಾಮಾಜಿಕ ವೇದಿಕೆ ಅನ್ನಬಹುದು. 2001ರಿಂದ ಮೂರು ವರ್ಷ ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆಯಲ್ಲಿ ಸೇರುತ್ತಿದ್ದ ಜಾತ್ರೆ ಮೊದಲ ಸಲ ತನ್ನ ಊರು ಬಿಟ್ಟು ಹೊರಟಾಗ ಬಂದು ಇಳಿದದ್ದು ನಮ್ಮ ಮುಂಬೈಯಲ್ಲಿ.

ಪ್ರತಿ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮಂತ್ರಿಗಳು, ಕಂಪನಿ ಮುಖ್ಯಸ್ಥರು ಸೇರಿ ಜಗತ್ತಿನ ಆರ್ಥಿಕತೆಯ ಬಗ್ಗೆ ಮಾತಾಡುತ್ತಾರಲ್ಲ, ಅದಕ್ಕೆ ಎದುರಾಗಿ ಹುಟ್ಟಿದ ಕೂಟ ಇದು. ಅಲ್ಲಿಗೆ ಕರೆ ಬಾರದವರೆಲ್ಲ ಇಲ್ಲಿ ಸೇರುವುದು. ‘ಇನ್ನೊಂದು ಜಗತ್ತು ಸಾಧ್ಯ’ ಎಂಬುದು ಘೋಷಣೆ. ನಾನಾಗ ಪವಾಯಿಯಲ್ಲಿ ಎಂ.ಟೆಕ್ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ಇನ್ನೊಂದು ಜಗತ್ತಿನ ಅವಸರ ನನಗೇನೂ ಇರಲಿಲ್ಲ. ಇರುವ ಜಗತ್ತಿನಲ್ಲೇ ಒಂದು ಕೆಲಸ ಸಿಕ್ಕರೆ ಸಾಕಿತ್ತು. ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಬಂದವನು ನಾನು. ಊರಲ್ಲಿ ಸತತ ಬರ. ಅಪ್ಪನಿಗೆ ಬ್ಯಾಂಕಿನ ಸಾಲ. ಪತ್ರಿಕೆಗಳಲ್ಲಿ ‘ಇಂಡಿಯಾ ಶೈನಿಂಗ್’ ಜಾಹೀರಾತು. ಅಮೆರಿಕದ ಚುನಾವಣೆಯಲ್ಲಿ ಅವರ ಕೆಲಸಗಳು ಭಾರತಕ್ಕೆ ಹೋಗುತ್ತಿವೆ ಎಂಬ ಗಲಾಟೆ. ಆ ಹೋಗುತ್ತಿದ್ದ ಕೆಲಸಗಳಲ್ಲಿ ಒಂದನ್ನು ಹಿಡಿಯಲು ನಾವೆಲ್ಲ ಹಾಸ್ಟೆಲ್ಲಿನಲ್ಲಿ ರೆಸ್ಯೂಮೆ ತಿದ್ದುತ್ತಾ ಕೂತಿದ್ದೆವು. ಜಾಗತೀಕರಣ ಬೇಡ ಎನ್ನುವವರ ಸಭೆಗೆ ನಾವು ಯಾಕೆ ಹೋಗಬೇಕು?

ಹೋದದ್ದು ಜುನೂನ್‌ಗಾಗಿ. ಪಾಕಿಸ್ತಾನದ ಆ ಬ್ಯಾಂಡ್ ಮೊದಲ ದಿನ ಹಾಡುತ್ತದೆ ಎಂದು ಮೆಸ್ಸಿನಲ್ಲಿ ಸುದ್ದಿಯಾಯಿತು. ಶುಕ್ರವಾರ ಸಂಜೆ ನಾಲ್ಕು ಮಂದಿ ಜೋಗೇಶ್ವರಿ–ವಿಖ್ರೋಲಿ ಲಿಂಕ್ ರಸ್ತೆಯಲ್ಲಿ ಬೆಸ್ಟ್ ಬಸ್ ಹತ್ತಿದೆವು. ಹಾಡಿಗೆ ಮೊದಲು ಭಾಷಣಗಳಿದ್ದವು. ಹಿಂದಿನ ವರ್ಷವಷ್ಟೇ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಇರಾನಿನ ಶಿರಿನ್ ಇಬಾದಿ ಇದ್ದರು. ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮಿ ಇದ್ದರು. ಅರುಂಧತಿ ರಾಯ್ ಮಾತಾಡಿ, ಇರಾಕ್ ಯುದ್ಧದಿಂದ ಲಾಭ ಮಾಡುತ್ತಿರುವ ಎರಡು ಕಂಪನಿಗಳನ್ನು ಆರಿಸಿಕೊಂಡು ಅವುಗಳ ವಿರುದ್ಧ ಎಲ್ಲರೂ ಸೇರಿ ನಿಲ್ಲೋಣ ಎಂದರು. ನನ್ನ ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ, ‘ಆ ಎರಡು ನಮ್ಮ ಪ್ಲೇಸ್‌ಮೆಂಟ್ ಲಿಸ್ಟಿನಲ್ಲಿ ಇಲ್ಲ ತಾನೆ?’ ಅಂದ. ನಕ್ಕೆವು. ಆ ನಗೆಯಲ್ಲಿ ನಮ್ಮ ಪರಿಸ್ಥಿತಿಯೆಲ್ಲ ಇತ್ತು.

ಮೂವರು ಗೆಳೆಯರು ಮರುದಿನ ಬರಲಿಲ್ಲ. ನಾನು ಶನಿವಾರ ಹೋದೆ, ಭಾನುವಾರವೂ ಹೋದೆ. ಯಾಕೆ ಎಂದು ಕೇಳಿದರೆ ಆಗ ಉತ್ತರ ಇರಲಿಲ್ಲ. ಅಂಥ ಗುಂಪನ್ನು ನಾನು ನೋಡಿರಲಿಲ್ಲ, ಅಷ್ಟೆ. ಹಳೆಯ ಕಾರ್ಖಾನೆಯ ಶೆಡ್ಡುಗಳು, ಬಟ್ಟೆ ಕಟ್ಟಿದ ಪೆಂಡಾಲುಗಳು, ನಡುವಿನ ರಸ್ತೆಯಲ್ಲಿ ಒಂದರ ಹಿಂದೆ ಒಂದು ಮೆರವಣಿಗೆ. ಡೋಲು ಬಡಿಯುವ ಕೊರಿಯಾದ ಕಾರ್ಮಿಕರು, ಟಿಬೆಟ್ಟಿನ ಭಿಕ್ಕುಗಳು, ಭೋಪಾಲದ ಅನಿಲ ಸಂತ್ರಸ್ತರು, ನರ್ಮದೆಯ ಆದಿವಾಸಿಗಳು. ಡಿಸೆಂಬರ್ 6ರಂದು, ಬಾಬಾಸಾಹೇಬರ ಪರಿನಿರ್ವಾಣದ ದಿನ, ದೇಶದ ಬೇರೆ ಬೇರೆ ಮೂಲೆಗಳಿಂದ ಹೊರಟ ದಲಿತ ಸ್ವಾಧಿಕಾರ ಯಾತ್ರೆಗಳು ಬಂದು ಸೇರಿದ್ದವು. ಜಾತಿ ನಮ್ಮ ಮನೆಯ ವಿಷಯ, ಹೊರಗಿನವರಿಗೆ ಹೇಳಬೇಕಾಗಿಲ್ಲ ಎನ್ನುವ ಮಾತನ್ನು ಕೇಳುತ್ತಲೇ ಬೆಳೆದವನಿಗೆ, ಅದನ್ನು ಜಗತ್ತಿನ ಮುಂದೆ ಡೊಳ್ಳು ಹೊಡೆದು ಹೇಳುವವರನ್ನು ನೋಡಿ ಒಂದು ಕ್ಷಣ ಎತ್ತ ನೋಡಬೇಕು ತಿಳಿಯಲಿಲ್ಲ. ಕಂಪ್ಯೂಟರ್ ವಿದ್ಯಾರ್ಥಿಯಾಗಿ ಇನ್ನೊಂದು ವಿಷಯ ಖುಷಿ ಕೊಟ್ಟಿತು. ಅಲ್ಲಿನ ಯಂತ್ರಗಳೆಲ್ಲ ಲಿನಕ್ಸಿನಲ್ಲಿ ಓಡುತ್ತಿದ್ದವು. ಬಾಬೆಲ್ಸ್ ಎಂಬ ಸ್ವಯಂಸೇವಕ ಅನುವಾದಕರ ಜಾಲ ಸಭೆಗಳ ಮಾತನ್ನು ಭಾಷೆಯಿಂದ ಭಾಷೆಗೆ ದಾಟಿಸುತ್ತಿತ್ತು.

ಆಕ್ಷೇಪಗಳೂ ಕಡಿಮೆ ಇರಲಿಲ್ಲ. ಹೆದ್ದಾರಿಯ ಆಚೆ ಬದಿಯಲ್ಲೇ ‘ಮುಂಬೈ ರೆಸಿಸ್ಟೆನ್ಸ್ 2004’ ಎಂಬ ಬೇರೆ ಕೂಟ ಸೇರಿತ್ತು. ಈಚೆ ಕಡೆಯದು ಬರೀ ಮಾತಿನ ಮಂಟಪ, ಎನ್‌ಜಿಒಗಳ ಸಂತೆ ಎಂಬುದು ಅವರ ಟೀಕೆ. ಟೀಕೆಗೆ ಆಧಾರವೂ ಇತ್ತು. ಈ ವೇದಿಕೆಯ ಸನ್ನದಿನಲ್ಲೇ ಒಂದು ನಿಯಮ ಇದೆ: ವೇದಿಕೆ ತನ್ನ ಹೆಸರಿನಲ್ಲಿ ಯಾವ ನಿರ್ಣಯವನ್ನೂ ಅಂಗೀಕರಿಸುವುದಿಲ್ಲ, ಯಾರೂ ಎಲ್ಲರ ಪರವಾಗಿ ಮಾತಾಡುವಂತಿಲ್ಲ. ಈಗ ನಾನು ಪ್ರಾಜೆಕ್ಟ್ ಮ್ಯಾನೇಜರ್. ಅರ್ಧ ಗಂಟೆಯ ಮೀಟಿಂಗ್ ಮುಗಿದರೂ ಯಾರು, ಏನು, ಯಾವ ತಾರೀಖಿಗೆ ಎಂದು ಮೂರು ಕಾಲಮ್ ತುಂಬಿಸದೆ ಯಾರನ್ನೂ ಏಳಲು ಬಿಡುವುದಿಲ್ಲ. ಆರು ದಿನ, ಸಾವಿರಾರು ಜನ, ನೂರಾರು ಸಭೆ. ಕೊನೆಗೆ ಒಂದು ನಿರ್ಣಯವೂ ಇಲ್ಲ. ನಮ್ಮ ಕ್ಲೈಂಟ್ ಆಗಿದ್ದರೆ ಇನ್‌ವಾಯ್ಸ್ ಪಾಸ್ ಮಾಡುತ್ತಿರಲಿಲ್ಲ.

ಆದರೂ ಅಲ್ಲಿಂದ ನಾನು ತಂದದ್ದು ಒಂದಿದೆ. ಅದು ಯಾವ ದೊಡ್ಡ ಭಾಷಣದಿಂದ ಬಂದದ್ದೂ ಅಲ್ಲ.

ಭಾನುವಾರ ಮಧ್ಯಾಹ್ನ ಒಂದು ಪೆಂಡಾಲಿನ ನೆರಳಲ್ಲಿ ಐದಾರು ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ವಾಸನೆ ಬಂದ ಮೇಲೆ ಕಾಲು ಮುಂದೆ ಹೋಗಲಿಲ್ಲ. ರಾಯಚೂರು ಕಡೆಯವರು. ‘ಯಾವೂರಪ್ಪ?’ ಎಂದು ಶುರುವಾಗಿ ರೊಟ್ಟಿ ಕೈಗೆ ಬಂತು. ಬರಗಾಲದ ಕಾಮಗಾರಿಯಲ್ಲಿ ಕೆರೆ ಹೂಳು ಹೊತ್ತವರು ಅವರು. ಹನ್ನೆರಡು ದಿನ ದುಡಿದರೆ ಎಂಟು ದಿನದ ಕೂಲಿ. ಕೇಳಿದರೆ ಪುಸ್ತಕದಲ್ಲಿ ಎಂಟೇ ಇದೆ ಎಂಬ ಉತ್ತರ. ಹೆಬ್ಬೆಟ್ಟು ಒತ್ತಿಸಿಕೊಂಡಿರುವುದು ಎಷ್ಟಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಅವರಲ್ಲಿ ಹಿರಿಯಾಕೆ ನನ್ನನ್ನು ಕೇಳಿದರು:

‘ತಮ್ಮಾ, ನೀ ಏನ್ ಕಲಿಯಾಕತ್ತೀ?’

‘ಕಂಪ್ಯೂಟರ್ ಅಬೇ.’

‘ಅದ್ರಾಗ ನಮ್ಮ ಹಾಜ್ರಿ ಬರಿಯಾಕ ಬರ್ತೈತೇನು?’

‘ಬರ್ತೈತಿ. ತಪ್ಪಿಲ್ದಂಗ ಬರೀಬಹುದು.’

ಆಕೆ ಸ್ವಲ್ಪ ಯೋಚಿಸಿ, ‘ಬರಿಯೋದು ಅವ್ರೂ ಬರೀತಾರ. ಬರದದ್ದು ನಮಗ ತೋರಸ್ತಾರೇನು?’ ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಡೇಟಾಬೇಸ್ ವಿಷಯದಲ್ಲಿ ಒಳ್ಳೆಯ ಗ್ರೇಡ್ ತೆಗೆದವನು ನಾನು. ದತ್ತಾಂಶ ಸರಿಯಾಗಿ ಕೂತಿದೆಯೇ, ಎರಡು ಸಲ ಬರೆಯದಂತೆ ಹೇಗೆ, ಬೇಗ ಹುಡುಕುವುದು ಹೇಗೆ ಎಂದೆಲ್ಲ ಕಲಿತಿದ್ದೆ. ಯಾರ ಹೆಸರಿನಲ್ಲಿ ಬರೆದಿದೆಯೋ ಅವರಿಗೆ ಅದು ಕಾಣುತ್ತದೆಯೇ ಎಂಬ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ.

ಇದೇ ಪ್ರಶ್ನೆಯನ್ನು ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹತ್ತು ವರ್ಷ ಮೊದಲೇ ಎತ್ತಿದ್ದರು ಎಂದು ಆಮೇಲೆ ಓದಿ ತಿಳಿದೆ. 1994ರ ಕೊನೆಯಿಂದ ಅವರು ಊರ ನಡುವೆ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸತೊಡಗಿದರು. ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲುಗಳನ್ನು ಜನರ ಎದುರು ಗಟ್ಟಿಯಾಗಿ ಓದುವುದು, ಅಷ್ಟೇ ಕೆಲಸ. ಓದಿದರೆ ಸತ್ತವರು ಕೆಲಸಕ್ಕೆ ಬಂದಿರುತ್ತಿದ್ದರು, ಕಟ್ಟದ ಕಟ್ಟಡಕ್ಕೆ ಸಿಮೆಂಟು ಖರ್ಚಾಗಿರುತ್ತಿತ್ತು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂದು ಹೊರಟ ಆ ಸಣ್ಣ ಬೇಡಿಕೆಯ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಕರ್ನಾಟಕ 2000ದಲ್ಲೇ, ಮಹಾರಾಷ್ಟ್ರ 2002ರಲ್ಲಿ ತಮ್ಮ ತಮ್ಮ ಮಾಹಿತಿ ಕಾಯ್ದೆಗಳನ್ನು ಮಾಡಿದ್ದವು. ರಾಯಚೂರಿನ ಆ ಅವ್ವನ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಆಗಲೇ ಇತ್ತು. ಆಕೆಗೆ ಅದು ತಲುಪಿರಲಿಲ್ಲ, ನನಗೂ ತಲುಪಿರಲಿಲ್ಲ.

ಕೆಲಸ ಸಿಕ್ಕಿತು. ಸಾಲ ತೀರಿತು. ಮದುವೆಯಾಗಿ 2009ರಲ್ಲಿ ವಾಶಿಗೆ ಬಂದೆವು. ಇಲ್ಲಿರುವ ನಮ್ಮವರಿಗೆ ವಾಶಿಯನ್ನು ಪರಿಚಯಿಸಬೇಕಿಲ್ಲ: ಸೆಕ್ಟರ್ ಲೆಕ್ಕದ ವಿಳಾಸ, ಸಂಜೆ ಖಾಡಿಯ ಗಾಳಿ, ಉಡುಪಿ ಹೋಟೆಲಿನ ಕಾಫಿ, ಕನ್ನಡ ಸಂಘದ ಕಾರ್ಯಕ್ರಮಗಳು. ಮೊದಲ ಕೆಲವು ವರ್ಷ ನನಗೂ ವಾಶಿ ಎಂದರೆ ಅಷ್ಟೇ ಇತ್ತು. ಒಂದು ದಿನ ಎಪಿಎಂಸಿ ಮಾರುಕಟ್ಟೆಗೆ ಹೋಗಿದ್ದಾಗ, ಪರಿಚಯದ ಬೇಳೆ ವ್ಯಾಪಾರಿಯೊಬ್ಬರು ಮೂಟೆ ಇಳಿಸುತ್ತಿದ್ದವರನ್ನು ತೋರಿಸಿ, ‘ಇವರಿಗೆ ಕೂಲಿ ನಾನು ಕೈಗೆ ಕೊಡೋ ಹಾಗಿಲ್ಲ ಸಾರ್, ಬೋರ್ಡಿಗೆ ಕಟ್ಟಬೇಕು’ ಎಂದರು. ಮಾಥಾಡಿ ಕಾರ್ಮಿಕರ ವಿಷಯ ನನಗೆ ತಿಳಿದದ್ದು ಹಾಗೆ.

ತಲೆ, ಬೆನ್ನಿನ ಮೇಲೆ ಹೊರೆ ಹೊರುವವರು ಮಾಥಾಡಿಗಳು. ಇವರಿಗೆ ಒಬ್ಬ ಮಾಲೀಕ ಎಂದಿರುವುದಿಲ್ಲ. ಬೆಳಿಗ್ಗೆ ಒಂದು ಗಾಳೆ, ಮಧ್ಯಾಹ್ನ ಇನ್ನೊಂದು. ಮಾಲೀಕನೇ ಇಲ್ಲದ ಮೇಲೆ ಪಿಎಫ್ ಯಾರು ಕಟ್ಟಬೇಕು, ರಜೆ ಯಾರು ಕೊಡಬೇಕು? ಅಣ್ಣಾಸಾಹೇಬ ಪಾಟೀಲರ ನೇತೃತ್ವದ ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರ ಒಂದು ಕಾಯ್ದೆ ಮಾಡಿತು. ಅದರ ಪ್ರಕಾರ ಮಾಲೀಕರು, ಕಾರ್ಮಿಕರು, ಸರ್ಕಾರ ಮೂವರೂ ಇರುವ ಮಂಡಳಿಯಲ್ಲಿ ವ್ಯಾಪಾರಿಯೂ ಹಮಾಲನೂ ಇಬ್ಬರೂ ನೋಂದಾಯಿಸಿಕೊಳ್ಳಬೇಕು. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಇಂತಿಷ್ಟು ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಕಾರ್ಮಿಕನಿಗೆ ಕೂಲಿ ಕೊಡುತ್ತದೆ. ಪಿಎಫ್, ಗ್ರಾಚುಯಿಟಿ, ಬೋನಸ್, ಔಷಧೋಪಚಾರ ಲೆವಿಯಿಂದ ನಡೆಯುತ್ತವೆ. ಕಳಪೆ ಆಡಳಿತ, ನಕಲಿ ಮಾಥಾಡಿಗಳ ಹಾವಳಿ, ನೋಂದಣಿಯ ಹೊರಗೇ ಉಳಿದವರು ಎಂದು ದೂರುಗಳು ಬೇಕಾದಷ್ಟಿವೆ. ಆದರೆ ಮೂಲ ಯೋಚನೆ ನೋಡಿ: ಹಾಜರಿ ಪುಸ್ತಕವನ್ನು ಮುಕಾದಮನ ಚೀಲದಿಂದ ತೆಗೆದು ಮೂವರ ಮಧ್ಯೆ ಇಟ್ಟರು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ, ಅಂದರೆ ಊಟ, ಪಾರ್ಸೆಲ್ಲು ತಂದುಕೊಡುವ ಹುಡುಗರಿಗೆ, ಕ್ಯಾಬ್ ಓಡಿಸುವವರಿಗೆ ಕಾಯ್ದೆ ಮಾಡಿ ಪ್ರತಿ ವ್ಯವಹಾರದ ಮೇಲೆ ಕ್ಷೇಮ ಶುಲ್ಕ ಹಾಕಿ ಮಂಡಳಿ ರಚಿಸಿದಾಗ, ಅದರಲ್ಲಿ ನನಗೆ ಈ ವಾಶಿಯ ಮೂಟೆಗಳ ನೆರಳೇ ಕಂಡಿತು.

ವಾಶಿಯಲ್ಲಿ ಇನ್ನೊಂದು ಪುಸ್ತಕವೂ ಇದೆ. ನಾವು ನಿಂತ ನೆಲದ ಸಾತ್‌ಬಾರಾ, ನಮ್ಮ ಕಡೆಯ ಪಹಣಿ. ಸಿಡ್ಕೋ 1970ರಲ್ಲಿ ಹುಟ್ಟಿತು. ಆಗ್ರಿ, ಕೋಳಿ ಜನರ 95 ಹಳ್ಳಿಗಳ ಗದ್ದೆ, ಉಪ್ಪಿನಾಗರ, ಖಾಡಿಯಂಚಿನ ಜಮೀನು ಹೊಸ ನಗರಕ್ಕೆಂದು ಸರ್ಕಾರದ ಹೆಸರಿಗೆ ಬರೆಯಲ್ಪಟ್ಟವು. ಪರಿಹಾರ ಸಾಲದು ಎಂದು ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲ್ಲೂಕಿನ ಜಾಸಯಿ ಭಾಗದಲ್ಲಿ ಪೊಲೀಸರ ಗುಂಡಿಗೆ ಐವರು ರೈತರು ಸತ್ತರು. ಸ್ವಾಧೀನವಾದ ಜಮೀನಿನ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದಿಂದ.

ಜನವರಿ 16. ನಾವು ನಾಲ್ವರು ಜುನೂನ್ ಕೇಳಲು ಹೋದ ದಿನಕ್ಕೆ ಸರಿಯಾಗಿ ಇಪ್ಪತ್ತು ವರ್ಷ ಹಿಂದೆ. ಅಂದು ಗೋರೆಗಾಂವಿನಲ್ಲಿ ನರ್ಮದೆಯವರ ಕೂಗು ನನಗೆ ಕೇಳಿಸಿತ್ತು. ಖಾಡಿಯ ಈಚೆ ದಡದಲ್ಲೂ ಇಂಥದ್ದೇ ಒಂದು ಕಥೆ ಇದೆ ಎಂದು ತಿಳಿದದ್ದು 2021ರ ಜೂನ್‌ನಲ್ಲಿ. ಹೊಸ ವಿಮಾನ ನಿಲ್ದಾಣಕ್ಕೆ ದಿ. ಬಾ. ಪಾಟೀಲರ ಹೆಸರಿಡಬೇಕೆಂದು ಸಾವಿರಾರು ಜನ ಬೇಲಾಪುರದ ಸಿಡ್ಕೋ ಭವನದ ಕಡೆ ನಡೆದಾಗ, ರಸ್ತೆ ಬಂದ್ ಎಂದು ನಮ್ಮ ಸೊಸೈಟಿಯ ಗ್ರೂಪಿನಲ್ಲಿ ಗೊಣಗಾಟವಾಯಿತು. ನಮ್ಮ ವಾಚ್‌ಮನ್ ಕಾಕಾ ಜುಹುಗಾಂವಿನವರು. ‘ಈ ಬಿಲ್ಡಿಂಗ್ ನಿಂತಿರೋ ಕಡೆ ನಮ್ಮಪ್ಪ ಭತ್ತ ಬೆಳೀತಿದ್ದರು’ ಎಂದು ಮರಾಠಿಯಲ್ಲಿ ಹೇಳಿದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ದಾರಿ ಹೇಳುವ ಹಾಗಿತ್ತು. ನಾನು ಗೃಹಸಾಲದ ಪ್ರತಿ ಕಂತನ್ನೂ ಸರಿಯಾಗಿ ಕಟ್ಟಿದ್ದೇನೆ, ನನ್ನ ಮನೆ ನನ್ನದೇ. ಆದರೆ ವಲಸೆ ಬಂದವರಾದ ನಾವು ‘ಈ ಊರು ನಮಗೆ ಅನ್ನ ಕೊಟ್ಟಿತು’ ಎಂದು ವೇದಿಕೆ ಮೇಲೆ ಹೇಳುವಾಗ, ಆ ಊರು ಯಾರ ಅನ್ನದ ಗದ್ದೆಯ ಮೇಲೆ ಎದ್ದಿತು ಎಂಬುದನ್ನೂ ಒಮ್ಮೆ ಸೇರಿಸಿ ಹೇಳಬಹುದು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಎರಡು ವರ್ಷ ಹಿಂದೆ ನಮ್ಮ ತಂಡಕ್ಕೆ ಒಂದು ಪ್ರಾಜೆಕ್ಟ್ ಬಂತು. ದೊಡ್ಡ ದೊಡ್ಡ ಆಫೀಸ್ ಕಟ್ಟಡಗಳ ಹೌಸ್‌ಕೀಪಿಂಗ್ ಸಿಬ್ಬಂದಿಯ ಹಾಜರಿ ಆ್ಯಪ್. ಗುತ್ತಿಗೆದಾರನ ಸೂಪರ್‌ವೈಸರ್ ಮೊಬೈಲ್ ಹಿಡಿದರೆ ಮುಖ ನೋಡಿ ಹಾಜರಿ ಬೀಳಬೇಕು. ತಡವಾದರೆ ತಾನಾಗಿಯೇ ಅರ್ಧ ದಿನ ಕಡಿತ. ಅಗತ್ಯಗಳ ಪಟ್ಟಿ ಅರವತ್ತು ಪುಟ ಇತ್ತು. ಕ್ಲೈಂಟ್‌ಗೆ ಒಂದು ಡ್ಯಾಶ್‌ಬೋರ್ಡ್, ಗುತ್ತಿಗೆದಾರನಿಗೆ ಒಂದು, ಸೂಪರ್‌ವೈಸರ್‌ಗೆ ಒಂದು ಸ್ಕ್ರೀನ್. ಕಸ ಗುಡಿಸುವಾಕೆಗೆ? ಆಕೆ ಆ ಅರವತ್ತು ಪುಟಗಳಲ್ಲಿ ಒಂದು ಮುಖ ಮಾತ್ರ.

‘ಬರದದ್ದು ನಮಗ ತೋರಸ್ತಾರೇನು?’ ಇಷ್ಟು ವರ್ಷದ ಮೇಲೆ ಅದೇ ಪ್ರಶ್ನೆ ಸ್ಪ್ರೆಡ್‌ಶೀಟಿನಲ್ಲಿ ಬಂದು ಕೂತಿತ್ತು.

ನಾನು ಒಂದು ಸಾಲು ಸೇರಿಸಿದೆ: ಹಾಜರಿ ಬಿದ್ದ ಕೂಡಲೇ, ಕಡಿತವಾದ ಕೂಡಲೇ ಆ ಕೆಲಸಗಾರರ ಫೋನಿಗೆ ಎಸ್ಸೆಮ್ಮೆಸ್ ಹೋಗಬೇಕು. ಸ್ಮಾರ್ಟ್‌ಫೋನ್ ಬೇಕಾಗಿಲ್ಲ, ಸಾದಾ ಫೋನಾದರೂ ಸಾಕು. ಮೊದಲ ಮೀಟಿಂಗಿನಲ್ಲಿ ಇದು ‘ಸ್ಕೋಪಿನಲ್ಲಿ ಇಲ್ಲ’ ಎಂದರು. ಎರಡನೆಯದರಲ್ಲಿ ಖರ್ಚು ಹೆಚ್ಚು ಎಂದರು. ಒಂದು ಸಂದೇಶಕ್ಕೆ ತಗಲುವ ಪೈಸೆಯ ಲೆಕ್ಕ ಮುಂದಿಟ್ಟೆ. ಮೂರನೆಯ ಮೀಟಿಂಗಿನಲ್ಲಿ ನಿಜವಾದ ಕಾರಣ ಹೊರಬಂತು: ‘ತೋರಿಸಿದರೆ ತಕರಾರು ಜಾಸ್ತಿಯಾಗುತ್ತೆ.’ ನಾನು ಕ್ರಾಂತಿಯ ಭಾಷೆ ಆಡಲಿಲ್ಲ. ಮುಖ ಗುರುತಿಸುವ ತಂತ್ರ ನೂರಕ್ಕೆ ನೂರು ಸರಿ ಇರುವುದಿಲ್ಲ, ತಪ್ಪು ಆ ದಿನವೇ ಸಿಕ್ಕರೆ ಸರಿಪಡಿಸಲು ಐದು ನಿಮಿಷ ಸಾಕು, ತಿಂಗಳ ಕೊನೆಗೆ ಸಿಕ್ಕರೆ ಮೂರು ದಿನ ಬೇಕು ಎಂದೆ. ಎಂಜಿನಿಯರಿಂಗ್ ಆಗಿ ಹೇಳಿದ್ದಕ್ಕೆ ಒಪ್ಪಿದರು. ನ್ಯಾಯ ಎಂದು ಹೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಮರಾಠಿ, ಹಿಂದಿ ಎರಡು ಭಾಷೆಗೆ ಮಂಜೂರಾಯಿತು. ಹಳೆಯ ತಿಂಗಳುಗಳ ದಾಖಲೆ ಕೇಳಿ ಪಡೆಯುವ ಸೌಲಭ್ಯಕ್ಕೆ ಮಂಜೂರಾತಿ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಕಡಿತದ ನಿಯಮವನ್ನು ಯಾರು ಮಾಡಿದರು, ಅದು ಸರಿಯೇ ಎಂಬ ಪ್ರಶ್ನೆಯಂತೂ ಆ ಕೋಣೆಯೊಳಗೆ ಬರಲೇ ಇಲ್ಲ.

ಆರು ತಿಂಗಳ ಮೇಲೆ ಅಂಥದ್ದೊಂದು ಕಟ್ಟಡಕ್ಕೆ ಪರಿಶೀಲನೆಗೆ ಹೋಗಿದ್ದೆ. ತುರ್ಭೆಯಿಂದ ಬರುವ, ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು ನಾನು ಫೋನಿನಲ್ಲಿ ಕನ್ನಡ ಆಡುವುದು ಕೇಳಿ ಹತ್ತಿರ ಬಂದಳು. ‘ಅಣ್ಣಾರ, ಈ ಮೆಸೇಜ ನೀವು ಕಳಸೂದೇನ್ರಿ?’ ಎಂದಳು. ಒಂದು ತಿಂಗಳು ಎರಡು ದಿನದ ಕೂಲಿ ಕಡಿಮೆ ಬಂದಿತ್ತಂತೆ. ಮಗನಿಂದ ಮೆಸೇಜುಗಳನ್ನು ಓದಿಸಿ, ಎಣಿಸಿ, ಸೂಪರ್‌ವೈಸರ್ ಮುಂದೆ ಫೋನ್ ಹಿಡಿದಳಂತೆ. ಮುಂದಿನ ಸಂಬಳದಲ್ಲಿ ಸೇರಿಸಿ ಕೊಟ್ಟರಂತೆ. ‘ಮಗ ಇಲ್ಲದಾಗ ಓದಾಕ ಬರೂದಿಲ್ರಿ. ನಮ್ಮ ಮಾತಿನಾಗ ಇದ್ರ ನಾನ ಕೂಡಿಸಿ ಕೂಡಿಸಿ ಓದತಿದ್ದೆ. ನಾಕನೆತ್ತಾ ಮಟ ಸಾಲಿಗೆ ಹೋಗೀನ್ರಿ’ ಎಂದಳು.

ಎರಡು ದಿನದ ಕೂಲಿ. ಇನ್ನೊಂದು ಜಗತ್ತು ಎಂದರೆ ಇಷ್ಟೆಯೇ ಎಂದು ಯಾರಾದರೂ ನಕ್ಕರೆ ನಾನೂ ಜೊತೆಗೆ ನಗುತ್ತೇನೆ. ಹೆದ್ದಾರಿಯ ಆಚೆ ಬದಿಯವರು ಅಂದು ಹೇಳಿದ ಮಾತು ನನಗೆ ಮರೆತಿಲ್ಲ: ಮಾತಿನಿಂದ ಏನೂ ಬದಲಾಗುವುದಿಲ್ಲ. ದೊಡ್ಡದು ಬದಲಾಗಿಲ್ಲ ನಿಜ. ಆ ಹೆಣ್ಣುಮಗಳು ಇನ್ನೂ ಗುತ್ತಿಗೆಯಲ್ಲೇ ಇದ್ದಾಳೆ, ಅದೇ ಕೂಲಿ. ಆದರೆ ನನ್ನ ಲೆಕ್ಕ ಬೇರೆ. ಓದುವ ವಯಸ್ಸಿನಲ್ಲಿ ನಮ್ಮ ಪಠ್ಯದಲ್ಲಿ ಇಲ್ಲದ ಪ್ರಶ್ನೆ ಕೇಳುವವರ ಪಕ್ಕ ಒಂದು ಮಧ್ಯಾಹ್ನ ಕೂತರೆ, ಆ ಪ್ರಶ್ನೆ ನಮ್ಮ ಜೊತೆ ಕೆಲಸಕ್ಕೆ ಸೇರುತ್ತದೆ, ಬಡ್ತಿ ಪಡೆಯುತ್ತದೆ, ಕೊನೆಗೆ ಯಾವುದೋ ಮೀಟಿಂಗಿನಲ್ಲಿ ಬಾಯಿ ತೆಗೆಯುತ್ತದೆ. ನಿರ್ಣಯ ಅಂಗೀಕರಿಸದ ಸಭೆಗಳಿಂದಲೂ ಇಷ್ಟಾಗುತ್ತದೆ. ಹಾಗಾಗಿ ಇಂಥ ಸಭೆಗೆ ಹೋಗಲೇ ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು: ಹೋಗಿ. ಭಾಷಣ ಕೇಳಿ. ಆಚೆ ಬದಿಯ ಟೀಕೆಯನ್ನೂ ಕೇಳಿ. ಊಟದ ಹೊತ್ತಿಗೆ ಬುತ್ತಿ ಬಿಚ್ಚಿದವರ ಹತ್ತಿರ ಕೂತುಕೊಳ್ಳಿ.

ಕನ್ನಡದ ಸಂದೇಶ ಮುಂದಿನ ರಿಲೀಸಿನಲ್ಲಿ ಸೇರುತ್ತಿದೆ. ಅನುವಾದದ ಏಜೆನ್ಸಿಯಿಂದ ಬಂದ ವಾಕ್ಯ ಹೀಗಿತ್ತು: ‘ತಮ್ಮ ಉಪಸ್ಥಿತಿಯನ್ನು ಯಶಸ್ವಿಯಾಗಿ ದಾಖಲಿಸಲಾಗಿದೆ.’ ನಾಲ್ಕನೇ ಇಯತ್ತೆ ಓದಿದವಳು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಲಿಫ್ಟು ಹತ್ತನೇ ಮಹಡಿ ತಲುಪಿರುತ್ತದೆ. ಅದನ್ನು ಹೊಡೆದು ಹಾಕಿ ನಾನೇ ಬರೆದೆ: ‘ಇವತ್ತು ಹಾಜರಿ ಬಿದ್ದಿದೆ. ಈ ತಿಂಗಳು ಒಟ್ಟು 14 ದಿನ.’